ಕೌದಿ ಮತ್ತು ಕಸೂತಿ ಚೀಲಗಳನ್ನು ಎಲ್ಲಿ ಮಾರಬೇಕು: ಮೂರು ವರ್ಷಗಳ ಲೆಕ್ಕಪುಸ್ತಕ ಮುಂದಿಟ್ಟುಕೊಂಡು ಒಂದು ವಿಮರ್ಶೆ

ಧಾರವಾಡದ ನಮ್ಮ ಓಣಿಯಲ್ಲಿ ನಾಲ್ವರು ಹೆಂಗಸರು ಸೇರಿ ಕೌದಿಗಳನ್ನೂ (ಬಟ್ಟೆಯ ತೇಪೆಗಳನ್ನು ಕೂಡಿಸಿ ಹೊಲಿದ ಹೊದಿಕೆಗಳನ್ನೂ) ಕಸೂತಿ ಹಾಕಿದ ಬಟ್ಟೆಯ ಚೀಲಗಳನ್ನೂ ಹೊಲಿದು ಮಾರಲು ಆರಂಭಿಸಿ ಮೂರು ವರ್ಷಗಳಾದವು. ಹೊಲಿಗೆ ನಮಗೆ ಹೊಸದಲ್ಲ. ಆದರೆ ಹೊಲಿದದ್ದನ್ನು ಎಲ್ಲಿ, ಯಾರಿಗೆ, ಯಾವ ಕರಾರಿನ ಮೇಲೆ ಮಾರಬೇಕೆಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಈ ಅವಧಿಯಲ್ಲಿ ನಾವು ಅಂಗಡಿಗಳಿಗೆ ಕೊಟ್ಟು ನೋಡಿದ್ದೇವೆ, ಮೇಳಗಳಲ್ಲಿ ಕೂತಿದ್ದೇವೆ, ದೊಡ್ಡ ಆನ್‌ಲೈನ್ ಮಾರುಕಟ್ಟೆಗೆ ಸರಕು ಹಾಕಿದ್ದೇವೆ, ಹೊರದೇಶಕ್ಕೆ ಕಳಿಸಿದ್ದೇವೆ, ವಾಟ್ಸ್ಆ್ಯಪ್‌ನಲ್ಲಿ ಆರ್ಡರು ಹಿಡಿದಿದ್ದೇವೆ. ಇವುಗಳಲ್ಲಿ ಯಾವುದು ನಮ್ಮಂಥವರಿಗೆ ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದನ್ನು ಲೆಕ್ಕಪುಸ್ತಕವನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲಿಗೆ ಅಳತೆಗೋಲನ್ನು ಹೇಳಿಬಿಡುವುದು ಒಳ್ಳೆಯದು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿವೆ. ಇವುಗಳಲ್ಲಿ ಗವಂತಿಯನ್ನು ಎಳೆ ಎಣಿಸಿ ಹಾಕುತ್ತಾರೆ. ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ತೆರವುಗಳನ್ನು ತುಂಬುವುದರಿಂದ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ ಮೂಡುತ್ತದೆ. ಗಂಟು ಎಲ್ಲಿಯೂ ಕಾಣಬಾರದು. ಮೇಲುಗಡೆಯಿಂದ ನೋಡಿದರೆ ಯಂತ್ರದ ಕಸೂತಿಗೂ ಕೈಯ ಕಸೂತಿಗೂ ಅಂತರ ಸುಲಭವಾಗಿ ತಿಳಿಯುವುದಿಲ್ಲ, ಹಿಂದಕ್ಕೆ ತಿರುಗಿಸಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ. ಕೌದಿಯದ್ದೂ ಹೀಗೆಯೇ. ಸಾಲು ಹಿಡಿದು ಹಾಕಿದ ಒತ್ತಾದ ಟಾಕುಗಳು ಎಷ್ಟು ನೇರವಾಗಿವೆ ಎಂಬುದು ತೇಪೆಗಳ ಬಣ್ಣಗಳಿಲ್ಲದ ಕೆಳಮಗ್ಗುಲಲ್ಲೇ ಕಾಣುವುದು. ಆದ್ದರಿಂದ ಒಂದು ಮಾರುವ ಜಾಗದ ಬಗ್ಗೆ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಕಮಿಷನ್ ಎಷ್ಟು ಎಂಬುದಲ್ಲ, ಅಲ್ಲಿಗೆ ಬರುವವರು ಬಟ್ಟೆಯನ್ನು ಹಿಂದು ಮುಂದು ತಿರುಗಿಸಿ ನೋಡುತ್ತಾರೆಯೇ ಎಂಬುದು. ಎರಡನೆಯ ಪ್ರಶ್ನೆ, ದುಡ್ಡು ಕೈಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದು. ಕಮಿಷನ್ನಿನ ಮಾತು ಆಮೇಲಿನದು.

ನಮ್ಮ ಖರ್ಚಿನ ವಿವರ ಇಲ್ಲದೆ ಮುಂದಿನ ಮಾತುಗಳಿಗೆ ಅರ್ಥವಿರುವುದಿಲ್ಲ. ಒಬ್ಬರು ಹೊದೆಯುವ ಅಳತೆಯ ಒಂದು ಕೌದಿಗೆ ಹೊಸ ಹತ್ತಿ ಬಟ್ಟೆ ಸುಮಾರು 700 ರೂಪಾಯಿ, ದಾರ 100 ರೂಪಾಯಿ, ಒಬ್ಬರಿಗೆ ಎಂಟು ದಿನದ ಕೆಲಸ. ದಿನಕ್ಕೆ 350 ರೂಪಾಯಿ ಕೂಲಿ ಎಂದು ನಮ್ಮನಮ್ಮಲ್ಲಿ ನಿಗದಿ ಮಾಡಿಕೊಂಡಿದ್ದರಿಂದ ಅಸಲು 3,600 ರೂಪಾಯಿ ಆಗುತ್ತದೆ. ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಒಳಪದರವಿರುವ ಕಸೂತಿ ಚೀಲಕ್ಕೆ ಸಾಮಗ್ರಿ 240, ಎರಡು ದಿನದ ಕೂಲಿ 700, ಒಟ್ಟು 940 ರೂಪಾಯಿ. ಕೌದಿಯನ್ನು 4,800ಕ್ಕೂ ಚೀಲವನ್ನು 1,400ಕ್ಕೂ ಮಾರುತ್ತೇವೆ. ಮೊದಲ ವರ್ಷ ನಾವು ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ, ಬಟ್ಟೆಯ ದುಡ್ಡು ಬಂದರೆ ಉಳಿದದ್ದೆಲ್ಲ ಲಾಭವೆಂದು ತಿಳಿದು ಕೌದಿಯೊಂದನ್ನು 2,000 ರೂಪಾಯಿಗೆ ಕೊಟ್ಟದ್ದೂ ಉಂಟು. ಆ ಲೆಕ್ಕದಲ್ಲಿ ದಿನಕ್ಕೆ 150 ರೂಪಾಯಿಗೆ ದುಡಿದಿದ್ದೆವು ಎಂಬುದು ಗೊತ್ತಾದದ್ದು ವರ್ಷ ಕಳೆದ ಮೇಲೆ. ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಕೂಲಿ ಎಂಥದು ಎಂದು ಕೇಳುವವರು ನಮ್ಮ ಮನೆಗಳಲ್ಲಿಯೇ ಇದ್ದರು.

ನಾವು ಮೊದಲು ಹೋದದ್ದು ಅಂಗಡಿಗಳಿಗೆ. ಬೆಂಗಳೂರಿನ ಒಂದು ಕರಕುಶಲ ಅಂಗಡಿಯವರು ಮಾರಾಟವಾದ ಮೇಲೆ ಹಣ ಕೊಡುವ ಕರಾರಿನ ಮೇಲೆ ಆರು ಕೌದಿಗಳನ್ನು ಇಟ್ಟುಕೊಂಡರು. ಅಂಗಡಿಯ ಪಾಲು ಶೇ. 40. ಆ ಕ್ಷಣಕ್ಕೆ ಅದು ಅನ್ಯಾಯವೆನಿಸಿತ್ತು. ಬೆಂಗಳೂರಿನ ಬಾಡಿಗೆ, ದೀಪ, ಕೆಲಸದವರ ಸಂಬಳಗಳನ್ನು ನೆನೆದರೆ ಈಗ ಹಾಗೆ ಅನ್ನಿಸುವುದಿಲ್ಲ. ಆದರೆ ಶೇ. 40 ಕಳೆದು ನಮಗೆ ಅಸಲಷ್ಟೇ ಬರಬೇಕೆಂದರೂ ಕೌದಿಯ ಬೆಲೆ 6,000 ರೂಪಾಯಿ ಇರಬೇಕು, ನಮ್ಮ 4,800 ರೂಪಾಯಿ ನಮಗೇ ಬರಬೇಕೆಂದರೆ 8,000 ಇರಬೇಕು. ಅಂಗಡಿಯವರು 5,500ಕ್ಕೆ ಇಟ್ಟರು. ಹೀಗಾಗಿ ಪ್ರತಿ ಕೌದಿಯ ಮೇಲೆ 300 ರೂಪಾಯಿ ನಷ್ಟಕ್ಕೆ ನಾವೇ ಒಪ್ಪಿಗೆ ಕೊಟ್ಟಂತಾಯಿತು. ಆ ಗುಣಾಕಾರವನ್ನು ಅಂಗಡಿಯ ಮುಂದೆ ನಿಂತಾಗ ಮಾಡದೆ, ಮನೆಗೆ ಬಂದ ಮೇಲೆ ಮಾಡಿದ್ದು ನಮ್ಮದೇ ತಪ್ಪು. ಇದಕ್ಕಿಂತ ಹೆಚ್ಚು ನೋವಾದದ್ದು ಬೇರೊಂದಕ್ಕೆ. ಏಳು ತಿಂಗಳಲ್ಲಿ ಎರಡು ಕೌದಿಗಳು ಮಾರಾಟವಾಗಿ, ಉಳಿದ ನಾಲ್ಕು ಹಿಂದಿರುಗಿದಾಗ ಒಂದರ ಒಂದು ಮಗ್ಗುಲು ಗಾಜಿನ ಕಿಟಕಿಯ ಬಿಸಿಲಿಗೆ ಬಣ್ಣಗೆಟ್ಟಿತ್ತು. ಇನ್ನೆರಡು, ಒಮ್ಮೆಯೂ ಬಿಚ್ಚದ ಪ್ಲಾಸ್ಟಿಕ್ ಚೀಲದಲ್ಲಿ ನಾವು ಮಡಿಸಿಟ್ಟ ಮಡಿಕೆಯಲ್ಲೇ ಇದ್ದವು. ಯಾರೂ ತಿರುಗಿಸಿ ನೋಡಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬಣ್ಣಗೆಟ್ಟರೆ ಹೊಣೆ ಯಾರದು ಎಂಬುದು ಕರಾರಿನಲ್ಲಿ ಇರಲಿಲ್ಲ. ಕರಾರೇ ಒಂದು ಚೀಟಿಯಾಗಿತ್ತು.

ಹಣ ಕೊಟ್ಟು ಕೊಳ್ಳುವ ಅಂಗಡಿಗಳ ವಿಷಯ ಬೇರೆ. ಅವರು ಕೇಳುವ ಸಗಟು ಬೆಲೆ ಇನ್ನಷ್ಟು ಬಿಗಿ. ಆದರೂ ಸರಕು ಕೈಬಿಟ್ಟ ಮೇಲೆ ಅದರ ಚಿಂತೆ ನಮ್ಮದಲ್ಲ. ಇಲ್ಲಿ ನಮಗೆ ನೆರವಾದದ್ದು ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ. ಅದಕ್ಕೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡಿಕೊಳ್ಳಬಹುದು. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಹೀಗೆ ನೋಂದಾಯಿಸಿಕೊಂಡ ಕಿರು ತಯಾರಕರಿಂದ ಕೊಂಡವರು ಲಿಖಿತ ಕರಾರಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಸಬೇಕು. ಬಿಲ್ಲಿನ ಮೇಲೆ ಆ ನೋಂದಣಿಯ ಸಂಖ್ಯೆಯನ್ನು ಮುದ್ರಿಸಿದ ಮೇಲೆ, ಮುಂದಿನ ತಿಂಗಳು ನೋಡೋಣ ಎನ್ನುವ ಮಾತು ಕಡಿಮೆಯಾಯಿತು. ಸದ್ಯ ಹುಬ್ಬಳ್ಳಿಯ ಒಂದು ಅಂಗಡಿ ನಮ್ಮಿಂದ ತಿಂಗಳಿಗೆ ಹತ್ತು ಚೀಲಗಳನ್ನು 1,100 ರೂಪಾಯಿಯಂತೆ ನಗದಿಗೆ ಕೊಳ್ಳುತ್ತದೆ. ಲಾಭ ತೆಳು, ನಿದ್ದೆ ಗಾಢ. 1964ರಲ್ಲಿ ಸ್ಥಾಪನೆಯಾದ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳನ್ನೂ ಇಲ್ಲಿ ನೆನೆಯಬೇಕು. ಕಸೂತಿಗೆ 2005-06ರ ಸಾಲಿನಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ದೊರಕಿದ್ದೂ ಈ ನಿಗಮದ ಹೆಸರಿನಲ್ಲಿಯೇ. ಅಲ್ಲಿಗೆ ಬರುವ ಗಿರಾಕಿಗೆ ಕಸೂತಿ ಎಂದರೇನೆಂದು ವಿವರಿಸಬೇಕಾಗಿಲ್ಲ ಎಂಬುದು ದೊಡ್ಡ ಅನುಕೂಲ. ನಮ್ಮ ಚೀಲಗಳಿಗಿಂತ ಇಳಕಲ್ ಸೀರೆಯ ಮೇಲೆ ಕಸೂತಿ ಹಾಕುವವರಿಗೆ ಆ ಬಾಗಿಲು ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೇಳಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಏಕೆಂದರೆ ನಾವು ಹೆಚ್ಚು ಕಲಿತದ್ದು ಅಲ್ಲಿಯೇ. ಮೊದಲು ಕೂತದ್ದು ನಮ್ಮ ಊರಿನ ಕೃಷಿ ಮೇಳದಲ್ಲಿ. ಕೃಷಿ ವಿಶ್ವವಿದ್ಯಾಲಯದ ಆವರಣಕ್ಕೆ ಆ ದಿನಗಳಲ್ಲಿ ಉತ್ತರ ಕರ್ನಾಟಕದ ಹಳ್ಳಿ ಹಳ್ಳಿಗಳಿಂದ ಜನ ಬರುತ್ತಾರೆ. ಇಷ್ಟು ಜನಸಂದಣಿಯಲ್ಲಿ ಗಂಟುಗಳು ಬರಿದಾಗಿ ಹಿಂದಿರುಗುತ್ತೇವೆ ಎಂದುಕೊಂಡಿದ್ದೆವು. ಬಂದ ಹೆಂಗಸರು ಕೌದಿಯನ್ನು ಬಿಡಿಸಿದರು, ತಿರುಗಿಸಿದರು, ಟಾಕಿನ ಮೇಲೆ ಬೆರಳಾಡಿಸಿದರು, ಮೂಲೆ ಎಳೆದು ನೋಡಿದರು. ಅಷ್ಟು ಚೊಕ್ಕವಾಗಿ ಪರೀಕ್ಷೆ ಮಾಡಿದವರನ್ನು ನಾನು ಅನಂತರ ಎಲ್ಲಿಯೂ ಕಂಡಿಲ್ಲ. ಬೆಲೆ ಕೇಳಿದ ಮೇಲೆ ಮಾತ್ರ ನಕ್ಕು ಮಡಿಸಿಟ್ಟರು. "ಬಾಯಾರ, ಹಳೇ ಸೀರಿ ನಾವ ಕೊಡ್ತೇವ್ರಿ, ಹೊಲದ ಕೊಡಾಕ ಎಷ್ಟ ತೊಗೋತೀರಿ?" ಎಂದು ಒಬ್ಬರಲ್ಲ, ಹತ್ತಾರು ಜನ ಕೇಳಿದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಕೌದಿ ಕೊಳ್ಳುವ ವಸ್ತುವಲ್ಲ. ಅವ್ವನ, ಅಜ್ಜಿಯ ಹಳೆಯ ಸೀರೆಗಳನ್ನು ಕೂಡಿಸಿ ಮನೆಯಲ್ಲೇ ಹೊಲಿಯುವುದು ಅಥವಾ ಊರೂರು ತಿರುಗಿ ಕೂಲಿಗೆ ಹೊಲಿದುಕೊಡುವವರಿಂದ ಹೊಲಿಸುವುದು ರೂಢಿ. ಹೊಸ ಬಟ್ಟೆಯನ್ನು ಕತ್ತರಿಸಿ ತೇಪೆ ಮಾಡುವುದು ಅವರ ಕಣ್ಣಿಗೆ ಹುಚ್ಚಾಟ. ತಿರುಗಿಸಿ ನೋಡುವ ಕಣ್ಣು ಅವಶ್ಯ, ಆದರೆ ಅದೊಂದೇ ಸಾಲದು ಎಂಬ ತಿದ್ದುಪಡಿಯನ್ನು ನನ್ನ ಅಳತೆಗೋಲಿಗೆ ಆ ನಾಲ್ಕು ದಿನಗಳು ಸೇರಿಸಿದವು. ಆ ಮೇಳದಲ್ಲಿ ಮಾರಿದ್ದು ಒಂದೇ ಕೌದಿ. ಆದರೆ ಹಳೆಯ ಸೀರೆ ತಂದುಕೊಟ್ಟು ಹೊಲಿಸಿಕೊಳ್ಳುವ ಹನ್ನೊಂದು ಆರ್ಡರುಗಳು ಬಂದವು. ಅದರಲ್ಲಿ ಬಟ್ಟೆಗೆ ನಾವು ದುಡ್ಡು ಹಾಕುವಂತಿಲ್ಲ, ಕೂಲಿ ಮೊದಲೇ ನಿಗದಿ, ಉಳಿಯುವ ಸರಕು ಇಲ್ಲ. ಈ ದಾರಿಯನ್ನು ನಾವು ಹುಡುಕಿರಲಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬಂತು.

ಬೆಂಗಳೂರಿನ ಮೇಳದ ಲೆಕ್ಕ ಮತ್ತೊಂದು. ಚಿತ್ರಕಲಾ ಪರಿಷತ್ತಿನ ಆವರಣದಂಥ ಜಾಗಗಳಲ್ಲಿ ವರ್ಷವಿಡೀ ಕರಕುಶಲ ಮೇಳಗಳು ನಡೆಯುತ್ತಲೇ ಇರುತ್ತವೆ. ನಾವು ಹೋದ ಖಾಸಗಿ ಮೇಳವೊಂದರಲ್ಲಿ ಮೂರು ದಿನಗಳಿಗೆ ಮಳಿಗೆ ಬಾಡಿಗೆ 12,000 ರೂಪಾಯಿ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಗಂಟುಗಳನ್ನು ಹಾಕಿಕೊಂಡು ಇಬ್ಬರು ಹೋಗಿ ಬಂದ ಖರ್ಚು, ವಸತಿ, ಊಟ, ಆಟೋ ಸೇರಿ ಇನ್ನೊಂದು 7,000. ಒಂಬತ್ತು ಕೌದಿ, ಮೂವತ್ತೊಂದು ಚೀಲ ಮಾರಾಟವಾದವು. ಕೂಲಿ, ಸಾಮಗ್ರಿ ಕಳೆದು ಉಳಿದದ್ದು 25,060 ರೂಪಾಯಿ. ಅದರಲ್ಲಿ 19,000 ಮೇಳದ ಖರ್ಚು ತೆಗೆದರೆ ಕೈಯಲ್ಲಿ 6,060. ಮೂರು ದಿನ ನಿಂತ ಇಬ್ಬರ ಕೂಲಿಯನ್ನೂ ಹಿಡಿದರೆ 4,000 ರೂಪಾಯಿಯೂ ಉಳಿಯುವುದಿಲ್ಲ. ಈ ಅಂಕಿಗಳನ್ನಷ್ಟೇ ನೋಡಿದವರು ಮೇಳಕ್ಕೆ ಹೋಗಬೇಡಿ ಎನ್ನುತ್ತಾರೆ. ಅವರು ನೋಡದಿರುವುದು ಎರಡು ಸಂಗತಿಗಳನ್ನು. ಒಂದು, ಹಣವೆಲ್ಲ ಅಂದಂದೇ ಕೈಗೆ ಬಂದಿತ್ತು. ಎರಡು, "ಇದು ಮಷಿನ್ ವರ್ಕಾ, ಹ್ಯಾಂಡ್ ವರ್ಕಾ ಮೇಡಂ?" ಎಂದು ಕೇಳಿದವರಿಗೆ ಉತ್ತರಿಸುವ ಬದಲು ಚೀಲದ ಒಳಪದರವನ್ನು ಬಿಚ್ಚಿಟ್ಟ ಒಂದು ಮಾದರಿಯನ್ನು ಅವರ ಕೈಗೇ ಕೊಡುತ್ತಿದ್ದೆವು, ಅವರು ಹಿಂಬದಿಯನ್ನು ನೋಡಿದ ಮೇಲೆ ಚೌಕಾಸಿ ಮಾಡುತ್ತಿರಲಿಲ್ಲ. ಹಾಗೆ ನೋಡಿ ಹೋದವರಿಂದಲೇ ಮುಂದಿನ ಎರಡು ತಿಂಗಳಲ್ಲಿ ಆರು ಕೌದಿಗಳಿಗೆ ಫೋನಿನಲ್ಲಿ ಆರ್ಡರು ಬಂತು. ಅದಕ್ಕೆ ಬಾಡಿಗೆಯೂ ಇಲ್ಲ, ಬಸ್ಸೂ ಇಲ್ಲ. ಮೇಳದ ಗಳಿಕೆ ಮೇಳ ಮುಗಿದ ಮೇಲೆ ಶುರುವಾಗುತ್ತದೆ.

ಸರ್ಕಾರಿ ಮೇಳಗಳಿಗೆ ಹೋಗಬಯಸುವವರು ಅರ್ಹತೆಯನ್ನು ಮೊದಲೇ ತಿಳಿದುಕೊಳ್ಳಬೇಕು. ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯದ ಸರಸ್ ಮೇಳಗಳು ಗ್ರಾಮೀಣ ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ ಇರುವಂಥವು, ನಗರದ ಓಣಿಯ ನಮಗೆ ಅವು ದಕ್ಕುವುದಿಲ್ಲ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಎಂಬ ಕುಶಲಕರ್ಮಿ ಗುರುತಿನ ಚೀಟಿ ಇದ್ದರೆ ಗಾಂಧಿ ಶಿಲ್ಪ ಬಜಾರ್‌ಗಳಿಗೆ ಅರ್ಜಿ ಹಾಕಬಹುದು. ನಮ್ಮಲ್ಲಿ ಇಬ್ಬರು ಕಸೂತಿಯ ಆಧಾರದ ಮೇಲೆ ಅದನ್ನು ಮಾಡಿಸಿಕೊಂಡಿದ್ದೇವೆ. ಪ್ರಾಸಂಗಿಕವಾಗಿ ಒಂದು ಮಾತು: 2023ರ ಸೆಪ್ಟೆಂಬರ್‌ನಲ್ಲಿ ಸಾಂಪ್ರದಾಯಿಕ ಕುಶಲಕರ್ಮಿಗಳಿಗಾಗಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ದರ್ಜಿಗಳಿದ್ದಾರೆ, ಕಸೂತಿಯವರಿಲ್ಲ. ಸೂಜಿ ಒಂದೇ, ಪಟ್ಟಿ ಬೇರೆ.

ಇನ್ನು ಆನ್‌ಲೈನ್ ಮಾರುಕಟ್ಟೆಗಳು. ಅಮೆಜಾನ್‌ನಲ್ಲಿ ಕಾರೀಗರ್, ಫ್ಲಿಪ್‌ಕಾರ್ಟ್‌ನಲ್ಲಿ ಸಮರ್ಥ್ ಎಂಬ ಹೆಸರಿನಲ್ಲಿ ಕುಶಲಕರ್ಮಿಗಳಿಗೆಂದೇ ಕಾರ್ಯಕ್ರಮಗಳಿವೆ, ಮೀಶೋ ಮಾರಾಟಗಾರರಿಂದ ಕಮಿಷನ್ ತೆಗೆದುಕೊಳ್ಳದ ಪದ್ಧತಿಯಿಂದ ಹೆಸರಾಗಿದೆ. ಇವುಗಳ ವಿರುದ್ಧ ನನಗೆ ದೂರಿಲ್ಲ, ಆದರೆ ಅವುಗಳ ರಚನೆಯೇ ನಮ್ಮ ಸರಕಿಗೆ ಹೊಂದುವುದಿಲ್ಲ. ಒಂದು ಫೋಟೋ, ಒಂದು ವಿವರಣೆ ಹಾಕಿ ಅದೇ ವಸ್ತುವನ್ನು ಸಾವಿರ ಸಲ ಮಾರುವವರಿಗೆ ಅಲ್ಲಿ ಗೆಲುವು. ನಮ್ಮ ಒಂದು ಕೌದಿ ಇನ್ನೊಂದರಂತೆ ಇರುವುದಿಲ್ಲ, ಆದ್ದರಿಂದ ಪ್ರತಿಯೊಂದಕ್ಕೂ ಹೊಸ ಫೋಟೋ, ಹೊಸ ಅಳತೆ, ಹೊಸ ವಿವರಣೆ. ಮಾರಾಟವಾದ ಮರುಗಳಿಗೆಯೇ ಆ ಶ್ರಮವೆಲ್ಲ ವ್ಯರ್ಥ. ನಮ್ಮ 1,400 ರೂಪಾಯಿಯ ಚೀಲದ ಪಕ್ಕದಲ್ಲಿ 299 ರೂಪಾಯಿಯ ಯಂತ್ರದ ಕಸೂತಿ ಚೀಲ ಕಾಣುವಾಗ, ಬೆರಳಗಲದ ಚಿತ್ರದಲ್ಲಿ ಎರಡೂ ಒಂದೇ. ಒಂದು ತಾಣದಲ್ಲಿ ಹಿಂಬದಿಯ ಚಿತ್ರವನ್ನು ಮೊದಲನೆಯದಾಗಿ ಹಾಕಿ ನೋಡಿದೆವು. ಕೊಂಡವರೊಬ್ಬರು ಬಟ್ಟೆ ಉಲ್ಟಾ ಹೊಲಿದಿದೆ ಎಂದು ಬರೆದು ಹಿಂದಿರುಗಿಸಿದರು. ಹಿಂದಿರುಗಿ ಬಂದ ಚೀಲದಲ್ಲಿ ಯಾರದೋ ಬಸ್ ಟಿಕೆಟ್ ಇತ್ತು.

ತೆರಿಗೆಯ ನಿಯಮವನ್ನೂ ಗಮನಿಸಬೇಕು. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟದ, ಸರಕು ಮಾರುವವರಿಗೆ ನಮ್ಮ ರಾಜ್ಯದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗುವುದಿಲ್ಲ. ಆನ್‌ಲೈನ್ ಮಾರುಕಟ್ಟೆಗಳ ಮೂಲಕ ಮಾರುವವರಿಗೂ 2023ರ ಅಕ್ಟೋಬರ್ 1ರಿಂದ ಈ ವಿನಾಯಿತಿ ದೊರಕಿದೆ, ಆದರೆ ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ, ಅದೂ ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ಪಡೆದ ಮೇಲೆ. ಧಾರವಾಡದವರಿಗೆ ಇದು ವಿಚಿತ್ರ ಸಂಕಟ. ಪಣಜಿ, ಕೊಲ್ಹಾಪುರಗಳು ನಮಗೆ ಬೆಂಗಳೂರಿಗಿಂತ ಬಹಳ ಹತ್ತಿರ, ಆದರೂ ನೋಂದಣಿಯಿಲ್ಲದೆ ಈ ತಾಣಗಳ ಮೂಲಕ ಅಲ್ಲಿಗೆ ಮಾರುವಂತಿಲ್ಲ. ಮೇಲಾಗಿ ತಾಣಗಳು ವಿಧಿಸುವ ಶುಲ್ಕಗಳ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ನೋಂದಣಿ ಇಲ್ಲದವರು ಅದನ್ನು ಮರಳಿ ಪಡೆಯಲಾಗುವುದಿಲ್ಲ. ಕೊರಿಯರ್‌ನವರ ಗಾತ್ರದ ತೂಕವನ್ನೂ ಮರೆಯಬಾರದು: ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಅಲ್ಲಿ ಸಾಮಾನ್ಯ ರೂಢಿ. 40, 30, 20 ಸೆಂಟಿಮೀಟರ್ ಅಳತೆಯ ಪೆಟ್ಟಿಗೆಯಲ್ಲಿಟ್ಟ ಎರಡೂವರೆ ಕಿಲೋದ ಕೌದಿ ಅವರ ಪುಸ್ತಕದಲ್ಲಿ 4.8 ಕಿಲೋ ತೂಗುತ್ತದೆ. ಈಗ ನಾವು ಪೆಟ್ಟಿಗೆಯನ್ನು ಬಿಟ್ಟು, ಕೌದಿಯನ್ನು ಬಿಗಿಯಾಗಿ ಸುತ್ತಿ ಹಗ್ಗ ಬಿಗಿದು ಗಾಡಾ ಬಟ್ಟೆಯಲ್ಲಿ ಹೊಲಿದು ಕಳಿಸುತ್ತೇವೆ.

ಹೊರದೇಶದ ಗಿರಾಕಿಗಳಿಗೆ ಎಟ್ಸಿ ಹೆಸರಾದ ತಾಣ. ಪ್ರತಿ ವಸ್ತುವನ್ನು ನಾಲ್ಕು ತಿಂಗಳು ಪ್ರದರ್ಶಿಸಲು 20 ಸೆಂಟ್, ಮಾರಾಟವಾದರೆ ಸಾಗಣೆ ವೆಚ್ಚವೂ ಸೇರಿದ ಮೊತ್ತದ ಶೇ. 6.5, ಅದರ ಮೇಲೆ ಹಣ ಪಾವತಿಯ ಶುಲ್ಕ. ಅಂಗಡಿಯವರ ಶೇ. 40ರ ಮುಂದೆ ಇದು ಅಗ್ಗವೇ. ಕೈಹೊಲಿಗೆಗೆ ಬೆಲೆ ಕೊಡುವ, ಹಿಂಬದಿಯ ಫೋಟೋ ಕಳಿಸಿ ಎಂದು ಕೇಳಿ ಬರೆಯುವ ಗಿರಾಕಿಗಳು ಅಲ್ಲಿದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿನವರೆಗೆ ಹೊಲಿಯುವ ಕವಂದಿಗಳಿಗೆ ಅಮೆರಿಕದ ಕೌದಿಪ್ರಿಯರಲ್ಲಿ ಗೌರವವಿದೆ. ನಮ್ಮ ತೊಡಕು ಹೆಸರಿನದು. ಭಾರತದ ಕೈಹೊಲಿಗೆಯ ಹೊದಿಕೆ ಬೇಕಾದವರು ಅಲ್ಲಿ ಹುಡುಕುವುದು ಬಂಗಾಳದ ಕಾಂತಾ ಎಂಬ ಶಬ್ದವನ್ನು. ಕೌದಿ ಎಂದು ಯಾರೂ ಹುಡುಕುವುದಿಲ್ಲ. ಕಾಂತಾ ಎಂದು ಬರೆದರೆ ಕಣ್ಣಿಗೆ ಬೀಳುತ್ತೇವೆ, ಆದರೆ ಸುಳ್ಳು ಹೇಳಿದಂತಾಗುತ್ತದೆ. ನಾವು ಕೌದಿ ಎಂದೇ ಬರೆದೆವು, ಹದಿನಾಲ್ಕು ತಿಂಗಳಲ್ಲಿ ಮಾರಿದ್ದು ಮೂರು.

ರಫ್ತಿಗೆ ಬೇಕಾದ ಐಇಸಿ (ಆಮದು-ರಫ್ತು ಸಂಕೇತ) ಸಂಖ್ಯೆ 500 ರೂಪಾಯಿಗೆ ಆನ್‌ಲೈನ್‌ನಲ್ಲೇ ಸಿಗುತ್ತದೆ, ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ (ಅಂಚೆ ರಫ್ತು) ಕೇಂದ್ರಗಳಿಂದ ಕಾಗದಪತ್ರದ ಕೆಲಸವೂ ಹಗುರಾಗಿದೆ. ಆದರೆ 2025ರ ಆಗಸ್ಟ್ ಕೊನೆಯಲ್ಲಿ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ರದ್ದುಪಡಿಸಿತು, ಭಾರತದ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ಸ್ವೀಕರಿಸುವುದನ್ನು ನಿಲ್ಲಿಸಿ ಅಕ್ಟೋಬರ್ ಮಧ್ಯದಲ್ಲಿ ಪುನರಾರಂಭಿಸಿತು. ಆ ಏಳು ವಾರಗಳಲ್ಲಿ ನಮ್ಮ ಒಂದು ಕೌದಿ ಕಪಾಟಿನಲ್ಲೇ ಕೂತಿತ್ತು, ಕೊಂಡವರು ದುಡ್ಡು ಹಿಂದಕ್ಕೆ ಕೇಳಿದರು, ಕೊಟ್ಟೆವು. ಇದಕ್ಕಿಂತ ನಿರಾಯಾಸವಾಗಿ ಅಮೆರಿಕ ತಲುಪಿದ್ದು ನನ್ನ ತಂಗಿಯ ಮಗಳ ಸೂಟ್‌ಕೇಸಿನಲ್ಲಿ ಹೋದ ಹನ್ನೆರಡು ಚೀಲಗಳು. ಅವಳು ಅವನ್ನು ಕನ್ನಡ ಕೂಟದ ಗೆಳತಿಯರ ಮುಂದೆ ಬಿಚ್ಚಿಟ್ಟಾಗ ಧಾರವಾಡ ಸೀಮೆಯಿಂದ ಹೋದವರೊಬ್ಬರು ಹಿಂಬದಿ ತಿರುಗಿಸಿ, ಗವಂತಿ ಎಂದು ಗುರುತು ಹಿಡಿದು, ಒಬ್ಬರೇ ನಾಲ್ಕು ಕೊಂಡರಂತೆ. ಅದನ್ನು ವ್ಯಾಪಾರದ ದಾರಿ ಎನ್ನಲಾಗದು, ಸೂಟ್‌ಕೇಸಿಗೂ ಮಿತಿಯಿದೆ.

ವಾಟ್ಸ್ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಬಲ್ಲದ್ದೇ. ಹೊಸಬರನ್ನು ಅದು ತಂದುಕೊಡುವುದಿಲ್ಲ, ಬಂದವರನ್ನು ಉಳಿಸಿಕೊಡುತ್ತದೆ. ಅರ್ಧ ಹಣ ಮುಂಗಡ ಬಾರದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲವೆಂಬ ನಿಯಮ ಮಾಡಿಕೊಂಡ ಮೇಲೆ ವ್ಯರ್ಥ ಮಾತುಕತೆ ನಿಂತಿತು, ಅದರ ಜೊತೆಗೆ ಇಬ್ಬರು ಸಂಬಂಧಿಕರ ಸ್ನೇಹವೂ ತುಸು ತಣ್ಣಗಾಯಿತು. 2025ರ ಜುಲೈನಲ್ಲಿ ಯುಪಿಐ ಮೊತ್ತಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ನಾವೂ ಗಾಬರಿಯಾಗಿದ್ದೆವು. ನಮ್ಮ ವಹಿವಾಟು ಜಿಎಸ್‌ಟಿಯ 40 ಲಕ್ಷದ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಆದರೂ ಅಂದಿನಿಂದ ಮನೆಯ ಹಣಕ್ಕೊಂದು, ಹೊಲಿಗೆಯ ಹಣಕ್ಕೊಂದು ಎಂದು ಎರಡು ಖಾತೆ ಮಾಡಿದ್ದೇವೆ.

ಈಗ ನಮ್ಮ ನಡೆ ಹೀಗಿದೆ. ವರ್ಷಕ್ಕೆ ಬೆಂಗಳೂರಿನ ಎರಡು ಮೇಳಗಳಿಗೆ ಹೋಗುವುದು, ಅವುಗಳಿಂದ ಲಾಭಕ್ಕಿಂತ ಗಿರಾಕಿಗಳ ಸಂಖ್ಯೆಯನ್ನು ನಿರೀಕ್ಷಿಸುವುದು. ಹುಬ್ಬಳ್ಳಿಯ ಅಂಗಡಿಗೆ ತಿಂಗಳಿಗೆ ಹತ್ತು ಚೀಲ ತಪ್ಪಿಸದಿರುವುದು. ಊರಿನ ಕೃಷಿ ಮೇಳದಲ್ಲಿ ಹೊಸ ಕೌದಿಯನ್ನು ಮಾದರಿಗೆ ಮಾತ್ರ ಇಟ್ಟು ಹಳೆಯ ಸೀರೆಯ ಆರ್ಡರು ಬರೆದುಕೊಳ್ಳುವುದು. ಆನ್‌ಲೈನ್ ಮಾರುಕಟ್ಟೆಯಲ್ಲಿ ಕನ್ನಡಕದ ಚಿಕ್ಕ ಚೀಲವೊಂದನ್ನು ಮಾತ್ರ ಉಳಿಸಿದ್ದೇವೆ. ಅದಕ್ಕೆ ಒಂದೇ ವಿನ್ಯಾಸ, ಒಂದೇ ಫೋಟೋ ಸಾಕು, ತೂಕವೂ ಇಲ್ಲ. ಎಟ್ಸಿಯ ಅಂಗಡಿಯನ್ನು ಮುಚ್ಚಿಲ್ಲ, ನಾಲ್ಕು ತಿಂಗಳಿಗೊಮ್ಮೆ 20 ಸೆಂಟ್ ಕೊಡುವಾಗ ನಮ್ಮಲ್ಲಿ ಪ್ರತಿ ಸಲವೂ ಚರ್ಚೆಯಾಗುತ್ತದೆ. ಮಾರಾಟವಾದ ಮೇಲೆ ಹಣ ಎನ್ನುವ ಅಂಗಡಿಗೆ ಮತ್ತೆ ಸರಕು ಕೊಟ್ಟಿಲ್ಲ. ಬರುವ ಮೇಳಕ್ಕೆ ಮಳಿಗೆ ನಿಗದಿಯಾಗಿದೆ; ಹೋದ ಸಲ ಕೌದಿಗಳನ್ನು ಗೋಡೆಗೆ ಒತ್ತಿ ಪಿನ್ನು ಹಾಕಿದ್ದರಿಂದ ಒಂದೇ ಮಗ್ಗುಲು ಕಾಣುತ್ತಿತ್ತು, ಈ ಸಲ ಮಳಿಗೆಯ ನಡುವೆ ಹಗ್ಗ ಕಟ್ಟಿ, ದಾರಿಯಲ್ಲಿ ಹೋಗುವವರಿಗೆ ಒಂದು ಮಗ್ಗುಲು, ಒಳಗೆ ಬಂದವರಿಗೆ ಇನ್ನೊಂದು ಮಗ್ಗುಲು ಕಾಣುವಂತೆ ತೂಗುಹಾಕಲಿದ್ದೇವೆ. ಹಗ್ಗ ಕಟ್ಟಲು ಸಂಘಟಕರ ಅನುಮತಿ ಬೇಕಂತೆ, ಪತ್ರ ಬರೆದಿದ್ದೇವೆ.